ರಾಜೀನಾಮೆ ಬರೆಯಬೇಡಿ, ರಜೆ ಬರೆಯಿರಿ: ಕ್ಯಾನ್ಸರ್ ಬಂದವರ ಕೆಲಸ ಉಳಿಸುವುದು ಹೀಗೆ

ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನ ಎಚ್‌ಆರ್‌ನಲ್ಲಿ ನಾನು 16 ವರ್ಷದಿಂದ ಇದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಟೈಲರ್ ಅಕ್ಕ ಬಯಾಪ್ಸಿ ರಿಪೋರ್ಟ್ ಹಿಡಿದು ನಮ್ಮ ಟೇಬಲ್ ಮುಂದೆ ನಿಂತರು. ಸ್ತನ ಕ್ಯಾನ್ಸರ್. ಅವತ್ತೇ ಅವರಿಂದ ರಾಜೀನಾಮೆ ಬರೆಸಿಕೊಂಡೆವು. ಪತ್ರ ಟೈಪ್ ಮಾಡಿದ್ದು ನಾನೇ. ‘ಪಿಎಫ್ ದುಡ್ಡು ಸಿಗುತ್ತದೆ ಅಕ್ಕ, ಮನೆಯಲ್ಲಿ ಆರಾಮಾಗಿರಿ’ ಅಂದೆ. ಆ ದುಡ್ಡು ಕೆಲವೇ ತಿಂಗಳಲ್ಲಿ ಕರಗಿತು. ಕೆಲಸದಲ್ಲೇ ಇದ್ದಿದ್ದರೆ ಇಎಸ್‌ಐನಿಂದ (ನೌಕರರ ರಾಜ್ಯ ವಿಮೆ) ಸಂಬಳದ ಬಹುಪಾಲು ಬರುತ್ತಿತ್ತು ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇದೇ ತಪ್ಪು ಈಗಲೂ ನಡೆಯುತ್ತಿದೆ. ಮನೆಯವರು, ಸೂಪರ್‌ವೈಸರ್‌ಗಳು, ಎಚ್‌ಆರ್‌ನವರು ಎಲ್ಲರೂ ಇದನ್ನು ಒಮ್ಮೆ ಓದಿ.

ಹಂತ 1: ರಾಜೀನಾಮೆ ಬೇಡ

ರಿಪೋರ್ಟ್ ಬಂದ ವಾರದಲ್ಲಿ ಯಾವ ಪತ್ರಕ್ಕೂ ಸಹಿ ಹಾಕಬೇಡಿ. ದುಡ್ಡು ಬೇಕಿದ್ದರೆ ಪಿಎಫ್‌ನಲ್ಲಿ ಕಾಯಿಲೆಗೆ ಅಂತಲೇ ಅಡ್ವಾನ್ಸ್ ಇದೆ, ಅದಕ್ಕೆ ಕೆಲಸ ಬಿಡಬೇಕಿಲ್ಲ. ಐಟಿ ಕಂಪನಿಯವರಿಗೂ ಇದೇ ಮಾತು. ಕೆಲಸ ಬಿಟ್ಟರೆ ಕಂಪನಿಯ ಗುಂಪು ವಿಮೆಯೂ ಹೋಗುತ್ತದೆ, ಕ್ಯಾನ್ಸರ್ ಬಂದ ಮೇಲೆ ಹೊಸ ಪಾಲಿಸಿ ಸಿಗುವುದು ಬಹಳ ಕಷ್ಟ.

ಹಂತ 2: ಇಎಸ್‌ಐ ಕಾಗದ

ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದವರಿಗೆ ಇದು. ಮೊದಲು ಸಾಮಾನ್ಯ ಸಿಕ್‌ನೆಸ್ ಬೆನಿಫಿಟ್ ಸಿಗುತ್ತದೆ: ಸರಾಸರಿ ದಿನಗೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ. ಎಲ್ಲರೂ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕ್ಯಾನ್ಸರ್ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ. ಅದಕ್ಕೆ ವಿಸ್ತರಿತ ಬೆನಿಫಿಟ್ ಬೇರೆಯೇ ಇದೆ, ಶೇ 80ರಷ್ಟು, ಎರಡು ವರ್ಷದವರೆಗೆ. ದಿನಕ್ಕೆ 500 ರೂಪಾಯಿ ದುಡಿಯುವವರಿಗೆ 400 ರೂಪಾಯಿ ಅಂತ ಲೆಕ್ಕ ಹಾಕಿ. ಎರಡು ವರ್ಷ ಬಿಡದೆ ಕೆಲಸದಲ್ಲಿದ್ದು, ಹಿಂದಿನ ನಾಲ್ಕು ಕಂತಿನ ಅವಧಿಗಳಲ್ಲಿ (ಒಂದು ಅವಧಿ ಅಂದರೆ ಆರು ತಿಂಗಳು) ಒಟ್ಟು 156 ದಿನಗಳ ಕಂತು ಕಟ್ಟಿರಬೇಕು. ಕೇಳದೆ ಇದು ತಾನಾಗಿ ಬರುವುದಿಲ್ಲ.

ಇಲ್ಲಿ ಎಡವುವುದು ಸರ್ಟಿಫಿಕೇಟ್‌ನಲ್ಲಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೇ ತೋರಿಸುತ್ತಿದ್ದರೂ, ಅಲ್ಲಿನ ಚೀಟಿಗಳನ್ನು ಸುಮ್ನೆ ಮನೆಯಲ್ಲಿಟ್ಟುಕೊಂಡು ಕೂತರೆ ಹಣ ಬರುವುದಿಲ್ಲ. ಅವನ್ನು ತೋರಿಸಿ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಪಡೆದು ಬ್ರಾಂಚ್ ಆಫೀಸಿಗೆ ಕೊಡಬೇಕು. ಒಂದು ಸರ್ಟಿಫಿಕೇಟ್ ಮುಗಿಯುವ ದಿನಕ್ಕೂ ಮುಂದಿನದು ಶುರುವಾಗುವ ದಿನಕ್ಕೂ ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಫೋಟೊ ತೆಗೆದಿಟ್ಟುಕೊಳ್ಳಿ, ಒಂದು ಪ್ರತಿಯನ್ನು ಎಚ್‌ಆರ್‌ಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಆಫೀಸ್ ಬಾಗಿಲಲ್ಲಿ ಫಾರಂ ತುಂಬಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಲೇಬೇಡಿ. ಓದಲು ಬರುವ ಮಗಳೋ ಪಕ್ಕದ ಮನೆ ಹುಡುಗನೋ ಜೊತೆಗಿದ್ದರೆ ಸಾಕು.

ಹಂತ 3: ಚಿಕಿತ್ಸೆಯ ಕ್ಯಾಲೆಂಡರ್

ಕೀಮೋ ಬಹಳ ಜನರಿಗೆ 21 ದಿನಕ್ಕೊಮ್ಮೆ ಇರುತ್ತದೆ. ಮೊದಲ ನಾಲ್ಕೈದು ದಿನ ಸುಸ್ತು, ವಾಕರಿಕೆ. 7ರಿಂದ 14ನೇ ದಿನದ ಆಸುಪಾಸು ಬಿಳಿ ರಕ್ತಕಣ ಇಳಿದಿರುತ್ತದೆ. ಆಗ ಜನಜಂಗುಳಿಯ ಫ್ಲೋರ್ ಬೇಡವೇ ಬೇಡ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗದೆ ನೇರ ಆಸ್ಪತ್ರೆಗೆ ಹೋಗಬೇಕು. ಮೂರನೇ ವಾರ ಹೆಚ್ಚಿನವರಿಗೆ ಪರವಾಗಿಲ್ಲ. ಕುಳಿತು ಮಾಡುವ ಆಫೀಸ್ ಕೆಲಸದವರು ಡಾಕ್ಟರನ್ನು ಕೇಳಿ ಆ ವಾರ ಬರಬಹುದು. ಆದರೆ ಮೈ ಮುರಿದು ಮಾಡುವ ಕೆಲಸದವರು ಕೀಮೋ ಮುಗಿಯುವವರೆಗೆ ಬರಬಾರದು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಇನ್ನೊಂದು ವಿಷಯ, ಕೆಲಸ ಮಾಡಿ ಸಂಬಳ ಪಡೆದ ದಿನಕ್ಕೆ ಇಎಸ್‌ಐ ಹಣ ಕೇಳುವಂತಿಲ್ಲ.

ರೇಡಿಯೇಶನ್ ಬೇರೆ ತರಹ. ವಾರಕ್ಕೆ ಐದು ದಿನ, ಹಲವು ವಾರ. ಮೆಷಿನ್ ಕೆಳಗೆ ಇರುವುದು ಕೆಲವೇ ನಿಮಿಷ, ಆದರೆ ಸುಸ್ತು ದಿನದಿಂದ ದಿನಕ್ಕೆ ಜಾಸ್ತಿಯಾಗಿ ಮುಗಿದ ಮೇಲೂ ಕೆಲವು ವಾರ ಉಳಿಯುತ್ತದೆ. ‘ಶುಕ್ರವಾರ ಮುಗಿಯಿತಲ್ಲ, ಸೋಮವಾರ ಬನ್ನಿ’ ಅನ್ನುವ ಸೂಪರ್‌ವೈಸರ್‌ಗಳು ಇದನ್ನು ಗಮನಿಸಬೇಕು.

ಹಂತ 4: ವಾಪಸ್ ಬರುವುದು

ಜಾಸ್ತಿ ಜನ ಕೆಲಸ ಕಳೆದುಕೊಳ್ಳುವುದು ಇಲ್ಲೇ. ಚಿಕಿತ್ಸೆ ಮುಗಿಸಿ, ಮೊದಲ ದಿನವೇ ಹಳೇ ಮೆಷಿನ್ ಮೇಲೆ ಹಳೇ ಟಾರ್ಗೆಟ್‌ಗೆ ಕೂತು, ಹತ್ತು ದಿನ ಹಲ್ಲು ಕಚ್ಚಿ ದುಡಿದು, ಹನ್ನೊಂದನೇ ದಿನ ‘ನನ್ನ ಕೈಲಾಗಲ್ಲ ಮೇಡಂ’ ಅಂತ ಅಳುತ್ತಾ ಬರುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ಕೈಲಿ ಖಂಡಿತ ಆಗುತ್ತದೆ. ಕೆಲಸವನ್ನು ನಾವು ಸ್ವಲ್ಪ ಬದಲಿಸಬೇಕಿತ್ತು.

‘ಫಿಟ್’ ಅಂತ ಒಂದೇ ಪದ ಬರೆದ ಸರ್ಟಿಫಿಕೇಟ್ ತರಬೇಡಿ. ಆಸ್ಪತ್ರೆಗೆ ಹೋಗುವ ಮುಂಚೆ ದಿನದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಹೊತ್ತು ಕೂರುತ್ತೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ, ಬಂಡಲ್ ಎಷ್ಟು ಕೆಜಿ, ಕೈ ಭುಜದ ಮೇಲೆ ಎತ್ತಬೇಕಾ, ಬಸ್ಸಿನಲ್ಲಿ ನಿಂತು ಬರಬೇಕಾ ಎಲ್ಲವೂ ಇರಲಿ. ಆ ಹಾಳೆ ನೋಡಿ ಡಾಕ್ಟರ್ ‘ಮೂರು ತಿಂಗಳು ಇಷ್ಟು ಕೆಜಿಗಿಂತ ಹೆಚ್ಚು ಎತ್ತಬಾರದು’ ಅಂತ ಬಿಡಿಸಿ ಬರೆದುಕೊಟ್ಟರೆ ಎಚ್‌ಆರ್‌ಗೂ ಕೆಲಸ ಸುಲಭ, ಅಲ್ವಾ?

ಎಚ್‌ಆರ್ ಮತ್ತು ಸೂಪರ್‌ವೈಸರ್ ಜೊತೆ ಕೂತು ಕೆಲಸ ಆರಿಸಿ. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕೈ ಬಾತುಕೊಳ್ಳಬಹುದು. ಐರನ್ ಸೆಕ್ಷನ್‌ನ ಹಬೆ ಆ ಕೈಗೆ ಒಳ್ಳೆಯದಲ್ಲ, ಸೂಜಿ ಚುಚ್ಚಿದರೆ ಕೀವಾಗುವ ಭಯವೂ ಇದೆ. ಕೈ ಬಾವು ಇಳಿಯಲು ಹಾಕುವ ಬಿಗಿ ತೋಳುಪಟ್ಟಿಯನ್ನು ಅಂದಾಜಿನ ಮೇಲೆ ಅಂಗಡಿಯಲ್ಲಿ ಕೊಳ್ಳಬೇಡಿ. ಅಳತೆ ತಪ್ಪಿದ ಪಟ್ಟಿ ಬಾವು ಹೆಚ್ಚಿಸುತ್ತದೆ, ಫಿಸಿಯೋಥೆರಪಿಯವರಿಂದಲೇ ಅಳತೆ ಮಾಡಿಸಿ. ಕೆಲವು ಕೀಮೋ ಔಷಧಿಗಳಿಂದ ಬೆರಳ ತುದಿ ಜೋಮು ಹಿಡಿದು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅಂಥವರನ್ನು ಸೂಜಿಯ ಮುಂದೆ ಕೂರಿಸುವುದು ಅಪಾಯ, ದಾರ ಕತ್ತರಿಸಲು ಕತ್ತರಿ ಕೊಡುವುದೂ ಅಪಾಯ. ಚೆಕಿಂಗ್, ಟ್ಯಾಗ್ ಹಾಕುವುದು, ರಿಜಿಸ್ಟರ್ ಬರೆಯುವುದು ಪರವಾಗಿಲ್ಲ. ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಶನ್ ಆದವರಿಗೆ ಪದೇ ಪದೇ ಶೌಚಕ್ಕೆ ಹೋಗಬೇಕಾಗುತ್ತದೆ. ಅವರ ಜಾಗ ಶೌಚಾಲಯದ ಹತ್ತಿರ ಇರಲಿ, ಎಷ್ಟು ಸಲ ಹೋದರು ಅಂತ ಯಾರೂ ಲೆಕ್ಕ ಇಡಬಾರದು. ಕೀಮೋ ಆದ ಕೆಲವರಿಗೆ ಮರೆವೂ ಇರುತ್ತದೆ. ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಡಿ.

ಮೊದಲ ತಿಂಗಳು ಅರ್ಧ ದಿನ ಅಥವಾ ವಾರಕ್ಕೆ ಮೂರು ದಿನ ಇರಲಿ. ನನ್ನನ್ನು ಕೇಳಿದರೆ ಮೂರು ದಿನವೇ ವಾಸಿ, ನಡುವೆ ಒಂದು ದಿನ ಪೂರ್ತಿ ಮಲಗಬಹುದು. ಇದಕ್ಕೆ ಕೂಲಿ ಎಷ್ಟು ಅನ್ನುವುದನ್ನು ಮೊದಲೇ ಕಾಗದದಲ್ಲಿ ಬರೆಸಿ. ಬಾಯಿಮಾತಿನ ಒಪ್ಪಂದ ಮ್ಯಾನೇಜರ್ ಬದಲಾದ ದಿನವೇ ಮುಗಿಯಿತು.

ಸರ್ಕಾರಿ ನೌಕರಿಯವರಿಗೆ ಒಂದು ಮಾತು. ಗಂಟಲಿನ ಕ್ಯಾನ್ಸರ್‌ಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡು ಮಾತು ಹೋದರೆ ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅಂಗವೈಕಲ್ಯ. ನೌಕರಿಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಆ ಕಾರಣಕ್ಕೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಬೇಗ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ.

ಹಂತ 5: ಜೊತೆಯವರು

ಯಾರಿಗೆ ಏನು ಹೇಳಬೇಕು ಅಂತ ಅವರನ್ನೇ ಕೇಳಿ. ಲೈನ್‌ನ ವಾಟ್ಸಾಪ್ ಗುಂಪಿನಲ್ಲಿ ರಿಪೋರ್ಟ್ ಹಾಕಬೇಡಿ. ಕ್ಯಾನ್ಸರ್ ಅಂಟುವುದಿಲ್ಲ. ಕ್ಯಾಂಟೀನಿನಲ್ಲಿ ಅವರ ಪಕ್ಕದಲ್ಲಿ ಕೂತು ಊಟ ಮಾಡಿ.

ಹಂತ 6: ಚೆಕಪ್ ದಿನಗಳು

ಮೊದಲ ಒಂದೆರಡು ವರ್ಷ ಹೆಚ್ಚಿನವರನ್ನು ಕೆಲವು ತಿಂಗಳಿಗೊಮ್ಮೆ ಬರಹೇಳುತ್ತಾರೆ. ಹೊರಗಿನ ಊರಿಂದ ಬರುವವರಿಗೆ ಪ್ರತಿ ಸಲ ಎರಡು ದಿನ ಬೇಕು. ಆಸ್ಪತ್ರೆ ಪುಸ್ತಕದಲ್ಲಿ ಮುಂದಿನ ದಿನಾಂಕ ಬಿದ್ದ ಮಾರನೇ ದಿನವೇ ರಜೆ ಅರ್ಜಿ ಕೊಟ್ಟು, ಸೂಪರ್‌ವೈಸರ್ ಟೇಬಲ್ಲಿನ ಕ್ಯಾಲೆಂಡರ್‌ನಲ್ಲಿ ಆ ಎರಡೂ ದಿನಕ್ಕೆ ಸುತ್ತು ಹಾಕಿಸಿ. ಶಿಪ್‌ಮೆಂಟ್ ಇದೆ ಅಂತ ಆ ದಿನ ಮುಂದೂಡಲು ಒಪ್ಪಬೇಡಿ.