ಕವಿತೆಯ ಸಾಲಿಗೆ ಅರ್ಥ ಬರೆಯುವಾಗ

ಕೇರಳದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಬರೆಯುವ ಮೊದಲು 15 ನಿಮಿಷ ಕೂಲ್ ಆಫ್ ಟೈಮ್, ಅಂದರೆ ಪ್ರಶ್ನೆ ಓದಿ ಯೋಚಿಸುವ ಸಮಯ, ಸಿಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೇ, ಅದನ್ನು ಪೋಲು ಮಾಡಬೇಡಿ. ಮೊದಲು ಪ್ರಶ್ನೆ ಓದಿ, ಆಮೇಲೆ ಕವಿತೆಯನ್ನು ಎರಡು ಸಲ.

ಈ ಸಾಲು ನೋಡಿ: ‘ಮಳೆ ನಿಂತಿತು, ಹಂಚಿನಂಚಿನ ಹನಿ ನಿಂತಿಲ್ಲ, ಅಮ್ಮ ಇನ್ನೂ ಬಾಗಿಲು ಹಾಕಿಲ್ಲ.’ ‘ಮಳೆ ನಿಂತಿದೆ, ಬಾಗಿಲು ತೆರೆದಿದೆ’ ಎಂದು ಬರೆದರೆ ಅದು ಸಾರಾಂಶವಷ್ಟೇ, ಅರ್ಥವಲ್ಲ. ಸುಳಿವಿರುವುದು ‘ಇನ್ನೂ’ ಎಂಬ ಪುಟ್ಟ ಪದದಲ್ಲಿ. ಯಾರೋ ಬರಬೇಕಿತ್ತು, ಬಂದಿಲ್ಲ. ತೊಟ್ಟಿಕ್ಕುವ ಹನಿ ಆ ಕಾಯುವಿಕೆಯನ್ನು ಕಿವಿಗೆ ಕೇಳಿಸುತ್ತದೆ. ಆದರೆ ಬರಬೇಕಾದವನು ಮಗ ಎಂದು ಬರೆಯಬೇಡಿ, ಸಾಲಿನಲ್ಲಿ ಆ ಮಾತಿಲ್ಲ. ಭಾವಕ್ಕೆ ಒಂದು ವಾಕ್ಯ, ಅದನ್ನು ತೋರಿಸುವ ಪದ, ಆ ಪದ ಹೇಗೆ ತೋರಿಸುತ್ತದೆ ಎಂಬುದಕ್ಕೆ ಇನ್ನೊಂದೆರಡು ವಾಕ್ಯ: 2 ಅಂಕದ ಪ್ರಶ್ನೆಗೆ ಇಷ್ಟು ಸಾಕು.

ಕಥೆಯಲ್ಲಾದರೆ ಮಾತು ಪಾತ್ರದ್ದೋ ನಿರೂಪಕನದ್ದೋ ನೋಡಿ. ಸಿಟ್ಟಿನಲ್ಲಿ ಪಾತ್ರ ಆಡಿದ್ದೇ ಕಥೆಯ ನಿಲುವಾಗಬೇಕಿಲ್ಲ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕುಂಟು. ‘ಅವಸರ’ ಮಲಯಾಳದಲ್ಲಿ ಅವಕಾಶ, ಕನ್ನಡದಲ್ಲಿ ಆತುರ. ‘ಸಂಸಾರ’ ಅಲ್ಲಿ ಮಾತುಕತೆ, ಇಲ್ಲಿ ಕುಟುಂಬ. ಅರ್ಥ ಸಾಲಿಗೆ ಕೂರದಿದ್ದರೆ ಮೊದಲು ಇಂಥ ಪದವನ್ನೇ ಅನುಮಾನಿಸಿ.