ಕಳ್ಳರ ಕರೆ ಬರುವ ಮೊದಲೇ ಒಂದು ಗಂಟೆ ಕೂತು ಈ ಕೆಲಸ ಮುಗಿಸಿ

ರಾಜಾಜಿನಗರದ ನಮ್ಮ ಚಿಕ್ಕಪ್ಪನಿಗೆ ಹೋದ ವರ್ಷ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ನಿಮ್ಮ ಗಾಡಿ ಸಿಗ್ನಲ್ ಜಂಪ್ ಮಾಡಿದೆ, ಚಲನ್ ಇಲ್ಲಿದೆ ನೋಡಿ ಅಂತ. ಕೆಳಗೊಂದು ಫೈಲ್. ಅವತ್ತು ಬೆಳಿಗ್ಗೆ ನವರಂಗ್ ಸರ್ಕಲ್ ದಾಟುವಾಗ ಹಳದಿ ಲೈಟ್ ಬಿದ್ದಿತ್ತಂತೆ, ಹಾಗಾಗಿ ನಿಜ ಇರಬೇಕು ಅಂದುಕೊಂಡು ಒತ್ತಿಬಿಟ್ಟರು. ಅದು ಚಲನ್ ಅಲ್ಲ, ಎಪಿಕೆ ಫೈಲ್. ಒತ್ತಿದರೆ ಫೋನಿನೊಳಗೆ ಒಂದು ಆ್ಯಪ್ ಬಂದು ಕೂರುತ್ತದೆ. ಅದು ಮೆಸೇಜ್ ಓದಲು ಅನುಮತಿ ಕೇಳಿತು, ಕೊಟ್ಟರು. ದಂಡ ಕಟ್ಟಲು ಕಾರ್ಡ್ ನಂಬರ್ ಕೇಳಿತು, ಅದನ್ನೂ ಹಾಕಿದರು. ರಾತ್ರಿ ಅವರು ಮಲಗಿದ ಮೇಲೆ ಒಟಿಪಿಗಳು ಬಂದಿವೆ, ಬಂದ ಹಾಗೇ ಕಳ್ಳರ ಕೈಗೆ ಹೋಗಿವೆ, ಕ್ರೆಡಿಟ್ ಕಾರ್ಡಿನಿಂದ 48,000 ರೂಪಾಯಿ ಖಾಲಿ. ಬೆಳಿಗ್ಗೆ ನನಗೆ ಫೋನ್ ಮಾಡಿ "ನಾನು ಏನೂ ತಗೊಂಡೇ ಇಲ್ಲ ಕಣೋ" ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ.

ಚಿಕ್ಕಪ್ಪ ದಡ್ಡರಲ್ಲ. ಮೂವತ್ತು ವರ್ಷ ಲೆಕ್ಕಪತ್ರ ನೋಡಿಕೊಂಡವರು. ಆದರೆ ಭಯ ಬಿದ್ದಾಗ, ಅವಸರ ಹತ್ತಿದಾಗ ಯಾರ ತಲೆಯೂ ಓಡುವುದಿಲ್ಲ, ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಆ ಹೊತ್ತಿನಲ್ಲಿ ಜಾಣತನ ತೋರಿಸುತ್ತೇನೆ ಅಂತ ನಂಬಿಕೊಂಡು ಕೂರಬೇಡಿ. ಮೊದಲೇ ಬಾಗಿಲು ಹಾಕಿಡಿ.

ಮೊದಲು ಕಾರ್ಡಿನ ಮಿತಿ

ಬ್ಯಾಂಕಿನ ಆ್ಯಪ್ ತೆಗೆದು ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ. ಆನ್‌ಲೈನ್, ವಿದೇಶಿ ವ್ಯವಹಾರ, ಎಟಿಎಂ, ಕಾರ್ಡ್ ತಾಗಿಸಿ ಕಟ್ಟುವುದು, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ. 2020ರಿಂದ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಿದೆ. ವಿದೇಶಿ ವ್ಯವಹಾರ ಈಗಲೇ ಆಫ್ ಮಾಡಿ, ಪ್ರವಾಸ ಹೊರಟಾಗ ಆನ್ ಮಾಡಿಕೊಂಡರಾಯಿತು. ಕಾರ್ಡ್ ತಾಗಿಸಿದರೆ 5,000 ರೂಪಾಯಿವರೆಗೆ ಪಿನ್ ಇಲ್ಲದೇ ಹೋಗುತ್ತದೆ, ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ಪರ್ಸ್ ಕಳೆದುಕೊಳ್ಳುವವರು ನಾವು, ಅದನ್ನೂ ಆಫ್ ಇಡುವುದೇ ಒಳ್ಳೆಯದು ಅನ್ನುತ್ತೇನೆ. ಇನ್ನು ಆನ್‌ಲೈನ್ ಮಿತಿ. ಕಾರ್ಡಿನ ಲಿಮಿಟ್ 2 ಲಕ್ಷ ಇದ್ದ ಮಾತ್ರಕ್ಕೆ ಆನ್‌ಲೈನ್‌ನಲ್ಲೂ 2 ಲಕ್ಷ ತೆರೆದಿಡಬೇಕಾಗಿಲ್ಲ, ಅಲ್ವಾ? ಚಿಕ್ಕಪ್ಪನದಕ್ಕೆ ಈಗ 3,000 ಇಟ್ಟಿದ್ದೇವೆ. ದೊಡ್ಡದೇನಾದರೂ ತರಿಸುವಾಗ ಏರಿಸುತ್ತಾರೆ, ದುಡ್ಡು ಕಟ್ಟಿ ಮತ್ತೆ ಇಳಿಸುತ್ತಾರೆ. ಎರಡು ನಿಮಿಷದ ಕೆಲಸ.

ಯುಪಿಐಗೂ ಇದೇ ಲೆಕ್ಕ. ಸಂಬಳ, ಪಿಂಚಣಿ, ಉಳಿತಾಯ ಇರುವ ದೊಡ್ಡ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಇನ್ನೊಂದು ಖಾತೆಗೆ ತಿಂಗಳ ಖರ್ಚಿನ ಎಂಟು ಹತ್ತು ಸಾವಿರ ಹಾಕಿಕೊಂಡು ತರಕಾರಿ, ಆಟೋ, ದರ್ಶಿನಿ ಎಲ್ಲ ಅದರಲ್ಲೇ ನಡೆಸಿ. ಇದೊಂದು ಮಾತು ಮನೆಯವರೆಲ್ಲರಿಗೂ ಹೇಳಿಡಿ: ದುಡ್ಡು ನಮಗೆ ಬರಬೇಕಾದರೆ ಪಿನ್ ಹಾಕುವ ಅಗತ್ಯವೇ ಇಲ್ಲ. ಹಳೇ ಸೋಫಾ ಮಾರುವಾಗ ಯಾರೋ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತದೆ ಅಂದರೆ ಅದು ಮೋಸ.

ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಹೆಬ್ಬೆಟ್ಟಿನ ಗುರುತು ಕದ್ದು ಖಾತೆಯಿಂದ ಹಣ ತೆಗೆದ ಪ್ರಕರಣಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಬಹುದು, ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ.

ಕರೆ ಬಂದಾಗ

ಇವತ್ತು ರಾತ್ರಿ ಕರೆಂಟ್ ತೆಗೆಯುತ್ತೇವೆ, ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಕೆವೈಸಿ ಮುಗಿದಿದೆ, ರಿವಾರ್ಡ್ ಪಾಯಿಂಟ್ಸ್ ಇವತ್ತೇ ಕೊನೆ. ಕಥೆ ಬೇರೆ ಬೇರೆ, ಅವಸರ ಮಾತ್ರ ಒಂದೇ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ರೂಮಿನಿಂದ ಹೊರಗೆ ಬರಬೇಡಿ ಅನ್ನುತ್ತಾರಲ್ಲ, ಅಂಥದ್ದು ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಸುಮ್ನೆ ಕರೆ ಕಟ್ ಮಾಡಿ. ಮರ್ಯಾದೆ ನೋಡಬೇಡಿ, ವಾದ ಮಾಡಬೇಡಿ, ಅವರನ್ನು ಪರೀಕ್ಷೆ ಮಾಡಲೂ ಹೋಗಬೇಡಿ, ಏಕೆಂದರೆ ಮಾತು ಮುಂದುವರಿದಷ್ಟೂ ಅವರಿಗೆ ಲಾಭ. ಅನುಮಾನ ಇದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನೀವೇ ಫೋನ್ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರ್ ಬೇಡವೇ ಬೇಡ, ಅಲ್ಲೂ ಕಳ್ಳರು ತಮ್ಮ ನಂಬರ್ ಹಾಕಿ ಕಾಯುತ್ತಿರುತ್ತಾರೆ.

ದುಡ್ಡು ಹೋಗಿಯೇ ಬಿಟ್ಟರೆ

ಮೊದಲು ಕಾರ್ಡ್ ಬ್ಲಾಕ್ ಮಾಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಅದು ಕೈದಾಟುವ ಮೊದಲೇ ತಡೆಹಿಡಿಯುವುದು ಈ ಸಹಾಯವಾಣಿಯ ಕೆಲಸ, ಹಾಗಾಗಿ ಮೊದಲ ಒಂದೆರಡು ಗಂಟೆ ಬಂಗಾರ. ಲೈನ್ ಸಿಗದಿದ್ದರೆ ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ. ಬೆಂಗಳೂರಿನಲ್ಲಿ ಸೈಬರ್ ಅಪರಾಧಕ್ಕೆ ಅಂತಲೇ ಪೊಲೀಸ್ ಠಾಣೆಗಳಿವೆ, ಅಲ್ಲಿಗೂ ಹೋಗಬಹುದು. ಮೆಸೇಜ್‌ಗಳ ಸ್ಕ್ರೀನ್‌ಶಾಟ್, ವ್ಯವಹಾರದ ನಂಬರ್, ಸಮಯ ಎಲ್ಲ ಜೊತೆಗಿರಲಿ. ಮೆಸೇಜ್ ಅಳಿಸಬೇಡಿ.

ಬ್ಯಾಂಕಿಗೆ ಬರಹದಲ್ಲೇ ತಿಳಿಸಿ, ದೂರಿನ ನಂಬರ್ ಪಡೆದುಕೊಳ್ಳಿ. ಇದು ಯಾಕೆ ಮುಖ್ಯ ಅಂದರೆ, ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ಮೂರನೆಯವರಿಂದ ಆಗಿದೆ ಅಂತಾದರೆ, ಬ್ಯಾಂಕಿನಿಂದ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊರೆ ಇಲ್ಲ. ಒಟಿಪಿ ಅಥವಾ ಪಿನ್ ನಾವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. ಅಂದರೆ ಎರಡೂ ಕಡೆ ಬೇಗ ಹೇಳಿದವರಿಗೇ ಲಾಭ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಅನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ.

ಚಿಕ್ಕಪ್ಪ ನಾಚಿಕೊಂಡು ಮಧ್ಯಾಹ್ನದವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಹೋಗಿ ಚಿಕ್ಕಮ್ಮನ ಎದುರೇ 1930ಕ್ಕೆ ಫೋನ್ ಮಾಡಿಸಿದೆ. ಒಂದಿಷ್ಟು ವಾಪಸ್ ಬಂತು, ಪೂರ್ತಿ ಬರಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರು ಹೀಗೆ ಕಳೆದುಕೊಂಡರೆ ದಯವಿಟ್ಟು ಬೈಯಬೇಡಿ. ಬೈಸಿಕೊಳ್ಳುವ ಹೆದರಿಕೆಯಿಂದಲೇ ಅವರು ಮುಚ್ಚಿಡುವುದು.

ಕಾರ್ಡಿನ ಸಾಲ

ಕಳ್ಳರೇ ಬೇಕಾಗಿಲ್ಲ, ಕಾರ್ಡನ್ನು ತಪ್ಪಾಗಿ ಬಳಸಿದರೂ ದುಡ್ಡು ಹೋಗುತ್ತದೆ. ಬಿಲ್‌ನಲ್ಲಿ ಮಿನಿಮಮ್ ಡ್ಯೂ ಅಂತ ಒಂದು ಚಿಕ್ಕ ಮೊತ್ತ ಇರುತ್ತದಲ್ಲ, ಅದನ್ನೇ ಕಟ್ಟಿ ನೆಮ್ಮದಿಯಾಗಿರುವವರು ಬಹಳ ಜನ. 50,000 ಬಿಲ್‌ಗೆ 2,500 ಕಟ್ಟಿದಿರಿ ಅಂದುಕೊಳ್ಳಿ. ಉಳಿದ 47,500ಕ್ಕೆ ತಿಂಗಳಿಗೆ ಶೇ. 3.5ರಂತೆ ಬಡ್ಡಿ, ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಎರಡೂ ಸೇರಿ ಸುಮಾರು 1,960. ಮುಂದಿನ ತಿಂಗಳು ಮತ್ತೆ 2,500 ಕಟ್ಟಿದರೆ ಅಸಲು ಇಳಿಯುವುದು 540 ರೂಪಾಯಿ ಮಾತ್ರ! ಅದರ ಮೇಲೆ, ಬಾಕಿ ಇರುವಾಗ ಹೊಸದಾಗಿ ಏನು ತಗೊಂಡರೂ ಅವತ್ತಿನಿಂದಲೇ ಬಡ್ಡಿ ಓಡುತ್ತದೆ. ಹಾಗಾಗಿ ಪೂರ್ತಿ ಬಿಲ್ ಕಟ್ಟುವಂತೆ ಆಟೋ ಡೆಬಿಟ್ ಹಾಕಿಡಿ. ಹಾಕುವಾಗ ಮಿನಿಮಮ್ ಡ್ಯೂ ಅನ್ನುವ ಆಯ್ಕೆ ಒತ್ತಿಬಿಡಬೇಡಿ, ಅಲ್ಲೇ ಜನ ತಪ್ಪುವುದು. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಬೇಡಿ, ಶುಲ್ಕವೂ ಇದೆ, ಮೊದಲ ದಿನದಿಂದ ಬಡ್ಡಿಯೂ ಇದೆ.

ಮಾಲ್‌ನಲ್ಲಿ, ಟೆಕ್ ಪಾರ್ಕ್ ಫುಡ್ ಕೋರ್ಟ್‌ನಲ್ಲಿ ಫ್ರೀ ಕಾರ್ಡ್ ಅಂತ ನಿಂತಿರುತ್ತಾರೆ. ಮೊದಲ ವರ್ಷಕ್ಕೆ ಮಾತ್ರ ಫ್ರೀಯಾ ಅಂತ ಕೇಳಿ. ಬೇಡದ ಕಾರ್ಡ್ ಇದ್ದರೆ ಬಾಕಿ ತೀರಿಸಿ ಮುಚ್ಚಿಸಿ. ನೀವು ಕೇಳಿದ 7 ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ಬ್ಯಾಂಕ್ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಅಂತ 2022ರಿಂದ ನಿಯಮ ಇದೆ. ನಿಮ್ಮ ಸಾಲಗಳ ಲೆಕ್ಕ ತೋರಿಸುವ ಸಿಬಿಲ್ ವರದಿ ವರ್ಷಕ್ಕೊಂದು ಸಲ ಫ್ರೀಯಾಗಿ ಸಿಗುತ್ತದೆ, ತೆಗೆದು ನೋಡಿ. ನಿಮ್ಮ ಹೆಸರಲ್ಲಿ ನೀವು ತಗೊಳ್ಳದ ಸಾಲ ಇದ್ದರೆ ಅಲ್ಲಿ ಕಾಣುತ್ತದೆ.

ಕೊನೆಗೆ ಒಂದು ಚೀಟಿ ಬರೆಯಿರಿ. 1930, ಬ್ಯಾಂಕಿನ ಬ್ಲಾಕ್ ಮಾಡುವ ನಂಬರ್, ಮನೆಯಲ್ಲಿ ಮೊದಲು ಫೋನ್ ಮಾಡಬೇಕಾದವರ ನಂಬರ್. ಫೋನೇ ಕಳ್ಳರ ಕೈಯಲ್ಲಿದ್ದಾಗ ಫೋನಿನೊಳಗಿನ ನಂಬರ್ ಉಪಯೋಗಕ್ಕೆ ಬರುವುದಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಆ ಚೀಟಿ ಈಗ ಅಡುಗೆಮನೆಯ ಕ್ಯಾಲೆಂಡರಿಗೆ ಅಂಟಿದೆ, ಚಿಕ್ಕಮ್ಮನೇ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ.