ಯಾರನ್ನು ಗೆಲ್ಲಿಸುತ್ತಾರೆ? ರೆಸ್ಲಿಂಗ್ ಫಲಿತಾಂಶವನ್ನು ಮೊದಲೇ ಊಹಿಸುವ ಬಗೆ

ದಸರಾ ದಿನಗಳಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣಕ್ಕೆ ನಾಡಕುಸ್ತಿ ನೋಡಲು ಬರುವ ಹಿರಿಯರಿಗೆ ಒಂದು ವಿದ್ಯೆ ಗೊತ್ತಿರುತ್ತದೆ. ಪೈಲ್ವಾನರಿಬ್ಬರು ಅಖಾಡಕ್ಕಿಳಿದು, ಮಟ್ಟಿಯ ಮಣ್ಣನ್ನು ಮುಟ್ಟಿ ನಮಸ್ಕರಿಸಿ ಕೈ ಕೊಡುವಷ್ಟರಲ್ಲಿ, ಅವರ ಕತ್ತು, ತೊಡೆ, ನಿಂತ ಭಂಗಿ, ಯಾವ ಗರಡಿಯ ಹುಡುಗ, ಯಾವ ಉಸ್ತಾದರ ಕೈಯಲ್ಲಿ ಪಳಗಿದವನು ಎಂಬುದನ್ನೆಲ್ಲ ಅಳೆದು, ಯಾರು ಯಾರನ್ನು ಚಿತ್ ಮಾಡುತ್ತಾರೆಂದು ಇವರು ಹೇಳಿಬಿಡುತ್ತಾರೆ. ಜೋಡಿ ಕಟ್ಟುವಾಗಲೇ ತೂಕ, ವಯಸ್ಸು ನೋಡಿ ಸಮಬಲದವರನ್ನು ಎದುರುಬದುರು ನಿಲ್ಲಿಸಿರುವುದರಿಂದ ಈ ಊಹೆ ಸುಲಭದ್ದಲ್ಲ.

ಇದೇ ಕಣ್ಣನ್ನು ನಂಬಿಕೊಂಡು ಅಮೆರಿಕದ ವೃತ್ತಿಪರ ರೆಸ್ಲಿಂಗ್‌ನ ಫಲಿತಾಂಶ ಊಹಿಸಲು ಹೊರಟರೆ ಮಾತ್ರ ಖಂಡಿತ ಮುಗ್ಗರಿಸುತ್ತೇವೆ. ತೊಂಬತ್ತರ ದಶಕದಲ್ಲಿ ಬೆಳೆದ ನಮ್ಮ ಪೀಳಿಗೆಯ ಹುಡುಗರು ಅಂಗಡಿಯಲ್ಲಿ ಕೊಂಡ ಟ್ರಂಪ್ ಕಾರ್ಡುಗಳಲ್ಲಿ ಪ್ರತಿಯೊಬ್ಬ ರೆಸ್ಲರ್‌ನ ಎತ್ತರ, ತೂಕ, ಎದೆಯ ಸುತ್ತಳತೆಗಳನ್ನು ಬಾಯಿಪಾಠ ಮಾಡಿದ್ದೆವು. ಆ ಪಾಂಡಿತ್ಯವೆಲ್ಲ ಈ ಕೆಲಸಕ್ಕೆ ಮೂರು ಕಾಸಿನ ಪ್ರಯೋಜನಕ್ಕೂ ಬರುವುದಿಲ್ಲ. 2023ರ ಏಪ್ರಿಲ್‌ನಲ್ಲಿ, ಅಲ್ಲಿನ ವರ್ಷದ ಅತಿ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದ ಎರಡನೆಯ ರಾತ್ರಿಯ ಕೊನೆಯ ಪಂದ್ಯದಲ್ಲಿ ಕೋಡಿ ರೋಡ್ಸ್ ಗೆದ್ದೇ ಗೆಲ್ಲುತ್ತಾನೆಂದು ನಾನು ಬರೆದುಕೊಟ್ಟಿದ್ದೆ. ನಮ್ಮಲ್ಲಿ ಸೋಮವಾರ ಬೆಳಗಾಗಿತ್ತು. ಎದುರಾಳಿ ರೋಮನ್ ರೇನ್ಸ್ ಗೆದ್ದು ಚಾಂಪಿಯನ್ ಬೆಲ್ಟ್ ಎತ್ತಿ ಹಿಡಿದ. ಕಾಲೇಜಿಗೆ ಹೋಗುವ ಅಕ್ಕನ ಮಗನಿಗೆ ನಾನು ಮಸಾಲೆ ದೋಸೆ ಕೊಡಿಸಬೇಕಾಯಿತು. ದೋಸೆ ಮುರಿಯುತ್ತಾ ಅವನು ಹೇಳಿದ: ‘ಮಾವ, ನೀವು ಯಾರು ಗೆಲ್ತಾರೆ ಅಂತ ಯೋಚ್ನೆ ಮಾಡಿದ್ರಿ. ಯಾರನ್ನ ಗೆಲ್ಲಿಸ್ತಾರೆ ಅಂತ ಮಾಡ್ಬೇಕಿತ್ತು.’ ಮುಂದಿನ ದೊಡ್ಡ ಪ್ರದರ್ಶನಕ್ಕೆ ಮುನ್ನ ಊಹೆಯ ಪಟ್ಟಿ ಸಿದ್ಧಪಡಿಸಬೇಕೆನ್ನುವವರಿಗೆ ಈ ಲೇಖನ ಹೇಳುವುದೆಲ್ಲ ಆ ಒಂದು ಕ್ರಿಯಾಪದದ ವಿಸ್ತರಣೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಬದಲಿಸಿಕೊಳ್ಳಿ

ಈ ಪಂದ್ಯಗಳ ಫಲಿತಾಂಶ ಮೊದಲೇ ನಿರ್ಧಾರವಾಗಿರುತ್ತದೆ ಎಂಬುದು ಈಗ ಗುಟ್ಟಲ್ಲ. ಇಂದು ಡಬ್ಲ್ಯುಡಬ್ಲ್ಯುಇ ಎನಿಸಿಕೊಂಡಿರುವ ಕಂಪನಿಯವರೇ 1989ರಲ್ಲಿ, ಕ್ರೀಡಾ ಆಯೋಗದ ಮೇಲ್ವಿಚಾರಣೆಯಿಂದ ಬಿಡಿಸಿಕೊಳ್ಳುವ ಸಲುವಾಗಿ, ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಬೀಳುವುದು ನಿಜ, ಮೂಳೆ ಮುರಿಯುವುದೂ ನಿಜ. ಗೆಲುವು ಮಾತ್ರ ಬರೆದಿಟ್ಟದ್ದು. ಬರೆಯುವವನನ್ನು ಅಲ್ಲಿ ಬುಕರ್ ಎನ್ನುತ್ತಾರೆ. ಡಬ್ಲ್ಯುಡಬ್ಲ್ಯುಇಯಲ್ಲಿ 2022ರ ಜುಲೈನಿಂದ ಈ ಹೊಣೆ ಟ್ರಿಪಲ್ ಎಚ್ ಎಂಬ ಹೆಸರಿನಲ್ಲಿ ಕುಸ್ತಿಯಾಡುತ್ತಿದ್ದ ಪಾಲ್ ಲೆವೆಕ್ ಅವರ ಕೈಯಲ್ಲಿದೆ.

ಮಂಡ್ಯ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರ ಹಬ್ಬಕ್ಕೆ ಕುರುಕ್ಷೇತ್ರದ ಪೌರಾಣಿಕ ನಾಟಕ ಆಡುವಾಗ, ಗದಾಯುದ್ಧದಲ್ಲಿ ದುರ್ಯೋಧನ ಬೀಳುತ್ತಾನೆಂದು ಗೊತ್ತಿದ್ದೇ ಜನ ಬೆಳಗಿನ ತನಕ ಕುಳಿತಿರುತ್ತಾರೆ, ಶಿಳ್ಳೆ ಹಾಕುತ್ತಾರೆ, ಪಾತ್ರಧಾರಿಗೆ ಹಾರ ಹಾಕುತ್ತಾರೆ. ರೆಸ್ಲಿಂಗ್‌ನಲ್ಲಿರುವ ವ್ಯತ್ಯಾಸವಿಷ್ಟೇ: ಇಲ್ಲಿ ಯಾರು ಭೀಮ, ಯಾರು ದುರ್ಯೋಧನ ಎಂಬುದು ಆರು ತಿಂಗಳಿಗೊಮ್ಮೆ ಬದಲಾಗಬಹುದು, ಹಾಗೂ ಗದಾಪರ್ವ ಈ ತಿಂಗಳೋ ಮುಂದಿನ ವರ್ಷವೋ ಎಂಬುದನ್ನು ನಾಟಕದ ಮೇಷ್ಟ್ರು ಮಾತ್ರ ಬಲ್ಲರು. ನಾವು ಓದಬೇಕಾದದ್ದು ಆ ಮೇಷ್ಟ್ರ ಮನಸ್ಸನ್ನು.

ಎರಡನೆಯ ಹೆಜ್ಜೆ: ಪ್ರತಿ ಪಂದ್ಯದ ಬಾಕಿಯನ್ನು ಬರೆಯಿರಿ

ಒಂದು ನೋಟ್‌ಬುಕ್ಕಿನಲ್ಲಿ ಘೋಷಣೆಯಾದ ಪಂದ್ಯಗಳನ್ನೆಲ್ಲ ಬರೆದುಕೊಂಡು, ಪ್ರತಿಯೊಂದರ ಕೆಳಗೆ ಮೂರು ಸಾಲು ಬಿಡಿ. ಜಗಳ ಎಲ್ಲಿಂದ ಶುರುವಾಯಿತು, ಈವರೆಗೆ ಹೆಚ್ಚು ಪೆಟ್ಟು ತಿಂದವರು ಯಾರು, ಸೋತರೆ ಯಾರು ಹೆಚ್ಚು ಕಳೆದುಕೊಳ್ಳುತ್ತಾರೆ ಎಂಬುವೇ ಆ ಮೂರು ಸಾಲು. ಜನ ಮೆಚ್ಚಬೇಕಾದ ಪಾತ್ರವನ್ನು ಫೇಸ್ ಎಂದೂ, ಜನ ಬೈಯಬೇಕಾದ ಪಾತ್ರವನ್ನು ಹೀಲ್ ಎಂದೂ ಕರೆಯುತ್ತಾರೆ. ಫೇಸ್‌ಗೆ ಅನ್ಯಾಯವಾಗಿದ್ದರೆ ಅದು ಲೆಕ್ಕದ ಪುಸ್ತಕದಲ್ಲಿ ಬಾಕಿಯಾಗಿ ನಿಲ್ಲುತ್ತದೆ, ಎಂದಾದರೊಮ್ಮೆ ತೀರಲೇಬೇಕು.

ಕಷ್ಟವಿರುವುದು ಆ ‘ಎಂದಾದರೊಮ್ಮೆ’ ಎಂಬ ಮಾತಿನಲ್ಲಿ. ಕೋಡಿಯ ಉದಾಹರಣೆಯನ್ನೇ ನೋಡೋಣ. ಅವನ ತಂದೆ ಡಸ್ಟಿ ರೋಡ್ಸ್ ದೊಡ್ಡ ಹೆಸರು ಮಾಡಿಯೂ ಈ ಕಂಪನಿಯ ಮುಖ್ಯ ಬೆಲ್ಟನ್ನು ಎಂದೂ ಗೆದ್ದಿರಲಿಲ್ಲ. ತಂದೆಗೆ ಸಿಗದದ್ದನ್ನು ಮಗ ಗೆದ್ದು ಕಥೆ ಮುಗಿಸಬೇಕೆಂಬುದು ಬಾಕಿ. 2023ರಲ್ಲಿ ಅವನು ರೆಸಲ್‌ಮೇನಿಯಾದಲ್ಲಿ ಬೆಲ್ಟಿಗಾಗಿ ಸೆಣಸುವ ಹಕ್ಕು ಕೊಡುವ ರಾಯಲ್ ರಂಬಲ್ ಗೆದ್ದು ಬಂದಿದ್ದ, ಜನ ಅವನ ಕಡೆಗಿದ್ದರು. ನಾನು ಅಷ್ಟನ್ನೇ ನೋಡಿದೆ. ನೋಡದೇ ಬಿಟ್ಟದ್ದು ಎದುರಿನವನ ಲೆಕ್ಕವನ್ನು. ರೇನ್ಸ್ ಬೆಲ್ಟ್ ಹಿಡಿದದ್ದು 2020ರ ಆಗಸ್ಟ್ 30ರಂದು. 2023ರ ಏಪ್ರಿಲ್ 2ಕ್ಕೆ 945 ದಿನಗಳಾಗಿದ್ದವು. ಸಾವಿರಕ್ಕೆ ಉಳಿದಿದ್ದದ್ದು ಕೇವಲ 55 ದಿನ. ಸಾವಿರ ದಿನವೆಂಬ ಹೆಗ್ಗಳಿಕೆಯ ಹೊಸ್ತಿಲಲ್ಲಿ ಯಾವ ಬುಕರ್ ತಾನೇ ಬೆಲ್ಟ್ ಬಿಡಿಸುತ್ತಾನೆ? ಕ್ಯಾಲೆಂಡರ್ ತೆಗೆದು ಎಣಿಸಿದ್ದರೆ ನನ್ನ ದೋಸೆಯ ದುಡ್ಡು ಉಳಿಯುತ್ತಿತ್ತು. ಮರುವರ್ಷ, 2024ರ ಏಪ್ರಿಲ್ 7ರಂದು, ಮತ್ತೆ ರಂಬಲ್ ಗೆದ್ದು ಬಂದ ಅದೇ ಕೋಡಿ ಅದೇ ರೇನ್ಸ್‌ನನ್ನು ಸೋಲಿಸಿದ. ಆಗ ಆಳ್ವಿಕೆ 1316 ದಿನಗಳಿಗೆ ಮುಗಿಯಿತು. ಬಾಕಿ ಒಂದೇ, ಎದುರಾಳಿ ಒಬ್ಬನೇ, ಕಾಯಿ ಹಣ್ಣಾಗಿರಲಿಲ್ಲ ಅಷ್ಟೇ. ಆದ್ದರಿಂದ ಚಾಂಪಿಯನ್ನರ ಹೆಸರಿನ ಪಕ್ಕದಲ್ಲಿ ಬೆಲ್ಟ್ ಹಿಡಿದ ದಿನಾಂಕವನ್ನೂ ಮುಂದೆ ಬರುವ ದುಂಡು ಸಂಖ್ಯೆಯನ್ನೂ ತಪ್ಪದೆ ಬರೆದುಕೊಳ್ಳಿ.

ಮೂರನೆಯ ಹೆಜ್ಜೆ: ಪ್ರದರ್ಶನದ ತೂಕ ನೋಡಿ

ವರ್ಷದ ದೊಡ್ಡ ಹಬ್ಬ ರೆಸಲ್‌ಮೇನಿಯಾ. ರಾಯಲ್ ರಂಬಲ್, ಸಮ್ಮರ್‌ಸ್ಲ್ಯಾಮ್, ಸರ್ವೈವರ್ ಸೀರೀಸ್‌ಗಳು ಅದರ ಸುತ್ತಲಿನ ಉಳಿದ ಹಬ್ಬಗಳು. ದೀರ್ಘಕಾಲದ ಬಾಕಿ ಸಾಮಾನ್ಯವಾಗಿ ಇಂಥ ದಿನಗಳಿಗಾಗಿಯೇ ಕಾದಿರುತ್ತದೆ. ನಡುವಿನ ಸಣ್ಣ ಪ್ರದರ್ಶನಗಳಲ್ಲಿ ಚಾಂಪಿಯನ್ ಉಳಿದುಕೊಳ್ಳುತ್ತಾನೆಂದು ಬರೆಯುವುದೇ ಕ್ಷೇಮ. ಮೂವತ್ತು ಮಂದಿ ಒಬ್ಬರ ಹಿಂದೊಬ್ಬರು ಬರುವ ರಂಬಲ್‌ನಲ್ಲಿ ಗೆದ್ದವರಿಗೆ ರೆಸಲ್‌ಮೇನಿಯಾದಲ್ಲಿ ಬೆಲ್ಟಿಗಾಗಿ ಸೆಣಸುವ ಹಕ್ಕು ಸಿಗುವುದು 1993ರಿಂದ ನಡೆದುಬಂದ ಪದ್ಧತಿ. ಹಕ್ಕು ಸಿಕ್ಕಿತೆಂದ ಮಾತ್ರಕ್ಕೆ ಬೆಲ್ಟ್ ಸಿಗುವುದಿಲ್ಲ: 2018ರಲ್ಲಿ ಪುರುಷರ ರಂಬಲ್ ಗೆದ್ದ ನಾಕಾಮುರ, ಮೊತ್ತಮೊದಲ ಮಹಿಳಾ ರಂಬಲ್ ಗೆದ್ದ ಆಸುಕಾ ಇಬ್ಬರೂ ಆ ವರ್ಷದ ರೆಸಲ್‌ಮೇನಿಯಾದಲ್ಲಿ ಸೋತರು.

ನಾಲ್ಕನೆಯ ಹೆಜ್ಜೆ: ಪಂದ್ಯದ ಷರತ್ತನ್ನು ಓದಿ

ಸಾಮಾನ್ಯ ಪಂದ್ಯದಲ್ಲಿ ಚಾಂಪಿಯನ್ ಅನರ್ಹನಾದರೂ, ರಿಂಗಿನ ಹೊರಗುಳಿದು ಎಣಿಕೆಯಲ್ಲಿ ಸೋತರೂ, ಬೆಲ್ಟ್ ಅವನಲ್ಲೇ ಉಳಿಯುತ್ತದೆ. ಜಗಳವನ್ನು ಇನ್ನೊಂದು ತಿಂಗಳು ಎಳೆಯಬೇಕೆಂದಾಗ ಬುಕರ್ ಬಳಸುವ ಹಿಂಬಾಗಿಲು ಇದು. ಅದಕ್ಕೆ ಬದಲಾಗಿ ಪಂಜರದೊಳಗಿನ ಪಂದ್ಯವೆಂದೋ ಅನರ್ಹತೆಯೇ ಇಲ್ಲದ ಪಂದ್ಯವೆಂದೋ ಘೋಷಿಸಿದ್ದರೆ ಜಗಳ ಮುಗಿಯುವ ಹಂತಕ್ಕೆ ಬಂದಿದೆ ಎಂದು ತಿಳಿಯಬಹುದು. ಆಗ ಪೆಟ್ಟು ತಿಂದ ಫೇಸ್ ಕಡೆಗೆ ತಕ್ಕಡಿ ವಾಲಿಸಿ. ಮೂವರ ನಡುವಿನ ಪಂದ್ಯವಾದರೆ ಚಾಂಪಿಯನ್ ಬಗ್ಗೆ ಅನುಮಾನವಿರಲಿ, ಏಕೆಂದರೆ ತಾನು ನೆಲಕ್ಕೆ ಬೀಳದೆಯೂ ಅವನು ಬೆಲ್ಟ್ ಕಳೆದುಕೊಳ್ಳಬಲ್ಲ.

ಎಲ್ಲ ಲೆಕ್ಕವನ್ನೂ ಕೆಡಿಸುವ ವಸ್ತುವೊಂದಿದೆ. ಅದು ಮನಿ ಇನ್ ದ ಬ್ಯಾಂಕ್ ಎಂಬ ಸೂಟ್‌ಕೇಸು. ಏಣಿ ಹತ್ತಿ ಅದನ್ನು ಇಳಿಸಿಕೊಂಡವರು ತಮಗೆ ಬೇಕಾದ ಗಳಿಗೆಯಲ್ಲಿ ಚಾಂಪಿಯನ್ನನ್ನು ಕೆಣಕಬಹುದು. 2005ರಲ್ಲಿ ಶುರುವಾದ ಈ ಪದ್ಧತಿಯ ಅತಿ ದೊಡ್ಡ ಆಟ ನಡೆದದ್ದು 2015ರ ರೆಸಲ್‌ಮೇನಿಯಾದಲ್ಲಿ. ಬ್ರಾಕ್ ಲೆಸ್ನರ್ ಹಾಗೂ ರೋಮನ್ ರೇನ್ಸ್ ಹೊಡೆದಾಡಿ ಬಸವಳಿದಿದ್ದಾಗ ಸೆತ್ ರಾಲಿನ್ಸ್ ಸೂಟ್‌ಕೇಸು ಹಿಡಿದು ಓಡಿಬಂದು, ಪಂದ್ಯದ ನಡುವೆಯೇ ಮೂರನೆಯವನಾಗಿ ಸೇರಿಕೊಂಡು ಬೆಲ್ಟ್ ಒಯ್ದ. ಇಬ್ಬರಲ್ಲಿ ಯಾರ ಹೆಸರು ಬರೆದಿದ್ದರೂ ತಪ್ಪೇ ಆಗುತ್ತಿತ್ತು. ಆದ್ದರಿಂದ ಪಟ್ಟಿಯ ತಲೆಬರಹದಲ್ಲೇ ಸೂಟ್‌ಕೇಸು ಸದ್ಯಕ್ಕೆ ಯಾರ ಕೈಯಲ್ಲಿದೆ ಎಂದು ಬರೆದಿಡುವುದು ಒಳ್ಳೆಯದು.

ಐದನೆಯ ಹೆಜ್ಜೆ: ಊರು, ವ್ಯಾಪಾರ, ವಿದಾಯ

ಪ್ರದರ್ಶನ ನಡೆಯುವ ಊರು ಯಾವುದು, ಕಂಪನಿಗೆ ಸದ್ಯ ಯಾವ ಮಾರುಕಟ್ಟೆ ಬೇಕಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2017ರ ಮೇ ತಿಂಗಳಲ್ಲಿ, ಅಲ್ಲಿಯವರೆಗೆ ಸೋಲುವುದೇ ಕಸುಬಾಗಿದ್ದ, ಭಾರತೀಯ ಮೂಲದ ಜಿಂದರ್ ಮಹಲ್ ಏಕಾಏಕಿ ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದಾಗ, ಅದಕ್ಕೆ ಕಾರಣ ಭಾರತದ ಮಾರುಕಟ್ಟೆ ಎಂದೇ ಹೆಚ್ಚಿನವರು ಓದಿಕೊಂಡರು. ಹಾಗಿದ್ದರೆ ಡಿಸೆಂಬರ್‌ನ ದೆಹಲಿ ಪ್ರದರ್ಶನಕ್ಕೆ ಅವನೇ ಬೆಲ್ಟ್ ಹೊತ್ತು ಬರಬೇಕಿತ್ತಲ್ಲ? ನವೆಂಬರ್‌ನಲ್ಲೇ ಎಜೆ ಸ್ಟೈಲ್ಸ್ ಅದನ್ನು ಕಸಿದ. ದೆಹಲಿಯ ಜನರೆದುರು ಟ್ರಿಪಲ್ ಎಚ್ ಜಿಂದರ್‌ನನ್ನು ಸೋಲಿಸಿದರು. ವ್ಯಾಪಾರದ ತರ್ಕವನ್ನು ಉಪ್ಪಿನಕಾಯಿಯಷ್ಟೇ ಬಳಸಬೇಕೆಂದು ನಾನು ಹೇಳುವುದು ಇದಕ್ಕೇ. ಇದಕ್ಕೆ ವ್ಯತಿರಿಕ್ತವಾಗಿ, ಟಿವಿಯ ಮುಖ್ಯ ಕಥೆಗೆ ಸಂಬಂಧಿಸದ, ಊರಿಂದೂರಿಗೆ ಹೋಗುವ ಪ್ರದರ್ಶನಗಳಲ್ಲಿ ಜನರನ್ನು ಖುಷಿಯಿಂದ ಮನೆಗೆ ಕಳುಹಿಸುವುದೇ ನಿಯಮ. 2023ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಜಾನ್ ಸೀನಾ ಹಾಗೂ ಸೆತ್ ರಾಲಿನ್ಸ್ ಜೋಡಿಯಾಗಿ ಇಳಿದಾಗ ಅವರು ಸೋಲುತ್ತಾರೆಂದು ಬರೆಯಲು ಯಾರಿಗೂ ಕೈ ಬರುತ್ತಿರಲಿಲ್ಲ, ಅವರು ಸೋಲಲೂ ಇಲ್ಲ.

ವಿದಾಯದ ಪಂದ್ಯವಾದರೆ ಹೋಗುವವನು ಸೋತು ಹೋಗಬೇಕು, ಉಳಿಯುವವನಿಗೆ ತನ್ನ ಹೆಸರಿನ ತೂಕ ಬಿಟ್ಟುಹೋಗಬೇಕು ಎಂಬುದು ಆ ಕಸುಬಿನ ಹಳೆಯ ಕಟ್ಟಳೆ. 2008ರಲ್ಲಿ ರಿಕ್ ಫ್ಲೇರ್ ಶಾನ್ ಮೈಕಲ್ಸ್‌ಗೆ, 2010ರಲ್ಲಿ ಮೈಕಲ್ಸ್ ಅಂಡರ್‌ಟೇಕರ್‌ಗೆ, 2019ರಲ್ಲಿ ಕರ್ಟ್ ಆಂಗಲ್ ಬ್ಯಾರನ್ ಕಾರ್ಬಿನ್‌ಗೆ, 2025ರ ಡಿಸೆಂಬರ್‌ನಲ್ಲಿ ಜಾನ್ ಸೀನಾ ಗುಂಥರ್‌ಗೆ ಸೋತದ್ದು ಇದೇ ಸಾಲಿನಲ್ಲಿ. ಕಟ್ಟಳೆ ಮುರಿದವರೂ ಇದ್ದಾರೆ: ಪ್ರತಿಸ್ಪರ್ಧಿ ಎಇಡಬ್ಲ್ಯು ಕಂಪನಿಯ 2024ರ ಮಾರ್ಚ್ ಪ್ರದರ್ಶನದಲ್ಲಿ ಸ್ಟಿಂಗ್ ಗೆದ್ದೇ ನಿವೃತ್ತನಾದ.

ಆರನೆಯ ಹೆಜ್ಜೆ: ಇಡೀ ರಾತ್ರಿಯನ್ನು ಒಟ್ಟಾಗಿ ನೋಡಿ

ಒಂದೊಂದೇ ಪಂದ್ಯವನ್ನು ಬಿಡಿಯಾಗಿ ನೋಡಿ ಬರೆದರೆ ಪಟ್ಟಿಯ ತುಂಬ ಫೇಸ್‌ಗಳೇ ಗೆದ್ದಿರುತ್ತಾರೆ. ಯಾವ ಮೇಷ್ಟ್ರೂ ಹಾಗೆ ಆಡಿಸುವುದಿಲ್ಲ. ಖುಷಿಯ ನಡುವೆ ಕಹಿ ಬೇಕು, ಎಲ್ಲ ಬೆಲ್ಟುಗಳೂ ಒಂದೇ ರಾತ್ರಿ ಕೈ ಬದಲಿಸಬಾರದು. ರೆಸಲ್‌ಮೇನಿಯಾ 2020ರಿಂದ ಎರಡು ರಾತ್ರಿ ನಡೆಯುತ್ತಿರುವುದರಿಂದ ಈ ತೂಗಾಟ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2023ರ ಮೊದಲ ರಾತ್ರಿ ಸಾಮಿ ಜೇನ್, ಕೆವಿನ್ ಓವೆನ್ಸ್ ಜೋಡಿ ಉಸೋ ಸಹೋದರರಿಂದ ಬೆಲ್ಟ್ ಗೆದ್ದು ಜನರನ್ನು ಕುಣಿಸಿತು. ಎರಡನೆಯ ರಾತ್ರಿ ಕೋಡಿ ಸೋತ. 2024ರಲ್ಲಿ ಮೊದಲ ರಾತ್ರಿ ರೇನ್ಸ್ ಹಾಗೂ ರಾಕ್ ಸೇರಿ ಕೋಡಿಯ ಜೋಡಿಯನ್ನು ಮಣಿಸಿದರು. ಎರಡನೆಯ ರಾತ್ರಿ ಕೋಡಿ ಗೆದ್ದ. ಅಳಿಯನ ಪಟ್ಟಿಯಲ್ಲಿ ಇದು ‘ಒಂದು ಸಿಹಿ, ಒಂದು ಖಾರ’ ಎಂಬ ಸೂತ್ರವಾಗಿತ್ತು. 2025ರಲ್ಲಿ ಎರಡೂ ರಾತ್ರಿ ಖಾರವನ್ನೇ ಬಡಿಸಿದರು, ಮೊದಲ ರಾತ್ರಿ ರಾಲಿನ್ಸ್‌ನನ್ನೂ ಎರಡನೆಯ ರಾತ್ರಿ ಸೀನಾನನ್ನೂ ಹೀಲ್‌ಗಳಾಗಿ ಗೆಲ್ಲಿಸಿದರು. ಆದರೆ ಸೀನಾಗೆ ಅದು ಹದಿನೇಳನೆಯ ವಿಶ್ವ ಬೆಲ್ಟ್, ಫ್ಲೇರ್‌ನ ಹದಿನಾರನ್ನು ದಾಟಿಸುವ ಗೆಲುವು, ಅದೂ ನಿವೃತ್ತಿಯ ವರ್ಷದಲ್ಲಿ. ದುಂಡು ಸಂಖ್ಯೆ, ದಾಖಲೆಗಳ ಬಗ್ಗೆ ಹಿಂದೆ ಹೇಳಿದ್ದು ಸೂತ್ರವನ್ನು ನುಂಗಿಹಾಕಿತು.

ಕೊನೆಯ ವಾರ ಹಾಗೂ ಅಂಕ ಹಾಕುವ ರೀತಿ

ಪ್ರದರ್ಶನಕ್ಕೆ ಮುಂಚಿನ ವಾರದ ರಾ, ಸ್ಮ್ಯಾಕ್‌ಡೌನ್ ಎಂಬ ವಾರದ ಕಾರ್ಯಕ್ರಮಗಳೆರಡನ್ನೂ ನೋಡಿ. 2025ರ ಏಪ್ರಿಲ್‌ನಿಂದ ಅವು ಭಾರತದಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬರುತ್ತಿವೆ. ಅಲ್ಲಿ ಕೊನೆಗೆ ಎದುರಾಳಿಯನ್ನು ಕೆಡವಿ ಎದೆಯುಬ್ಬಿಸಿ ನಿಂತವನು ನಿಜವಾದ ದಿನ ಸೋಲುತ್ತಾನೆ ಎಂಬುದು ಹಳೆಯ ನೋಡುಗರ ನಂಬಿಕೆ. ನಾನು ಅದಕ್ಕೆ ಅರ್ಧ ಬೆಲೆ ಕೊಡುತ್ತೇನೆ, ಉಳಿದೆಲ್ಲ ಲೆಕ್ಕ ಸಮವಾದಾಗ ಮಾತ್ರ. ಗಾಯದ ಸುದ್ದಿಗೆ ಪೂರ್ತಿ ಬೆಲೆ ಕೊಡಿ: 2024ರ ರಂಬಲ್‌ನಲ್ಲಿ ಸಿಎಂ ಪಂಕ್‌ನ ತೋಳಿನ ಸ್ನಾಯು ಹರಿದದ್ದರಿಂದ ಅವನ ರೆಸಲ್‌ಮೇನಿಯಾ ಪಂದ್ಯವೇ ಇಲ್ಲವಾಯಿತು.

ಇನ್ನು ಅಂಕ. ಗೆಲ್ಲುವವರ ಹೆಸರಷ್ಟೇ ಬರೆದರೆ ಅದೃಷ್ಟಕ್ಕೂ ತಿಳಿವಳಿಕೆಗೂ ವ್ಯತ್ಯಾಸ ಕಾಣುವುದಿಲ್ಲ. ಏಳು ಪಂದ್ಯಗಳಿದ್ದರೆ ಅತಿ ಖಚಿತವೆನಿಸಿದ್ದಕ್ಕೆ 7, ಆಮೇಲಿನದಕ್ಕೆ 6, ಹೀಗೆ ಅತಿ ಅನುಮಾನದ್ದಕ್ಕೆ 1 ಅಂಕ ಕೊಡಿ. ಒಂದು ಅಂಕವನ್ನು ಎರಡು ಸಲ ಬಳಸುವಂತಿಲ್ಲ. ಊಹೆ ಸರಿಯಾದರೆ ಆ ಅಂಕ ನಿಮ್ಮದು, ತಪ್ಪಿದರೆ ಸೊನ್ನೆ. ಪೂರ್ಣ ಅಂಕ 28. ಖಚಿತವೆಂದು ನಂಬಿದ್ದೇ ಎಷ್ಟು ದುಬಾರಿಯಾಗಬಹುದೆಂಬುದು 2014ರಲ್ಲಿ ಅಂಡರ್‌ಟೇಕರ್ ಹೆಸರಿನ ಮುಂದೆ ಪೂರ್ತಿ ಅಂಕ ಹಾಕಿದವರಿಗೆ ಗೊತ್ತು: ರೆಸಲ್‌ಮೇನಿಯಾದಲ್ಲಿ 21 ಪಂದ್ಯ ಸೋಲದೆ ಬಂದವನನ್ನು ಆ ಸಲ ಲೆಸ್ನರ್ ಕೈಯಲ್ಲಿ ಸೋಲಿಸಿದರು. ಹಣ ಕಟ್ಟುವ ಉಸಾಬರಿ ಬೇಡ. ಯಾರ ಕೈಯಲ್ಲೋ ಬರೆದಿಟ್ಟಿರುವ ಫಲಿತಾಂಶದ ಮೇಲೆ ದುಡ್ಡು ಹಾಕುವುದು ಹುಂಬತನ, ದೋಸೆ ಸಾಕು. ಪಟ್ಟಿಗಳನ್ನು ಹಿಂದಿನ ರಾತ್ರಿಯೇ ಮೂರನೆಯವರೊಬ್ಬರ ಕೈಗೆ ಕೊಟ್ಟುಬಿಡಿ, ನಸುಕಿನಲ್ಲಿ ತಿದ್ದುವಂತಾಗಬಾರದು. ಅಂಕ ಸಮನಾದರೆ ಬಿಡಿಸಲು, ಕೊನೆಯ ಪಂದ್ಯ ಎಷ್ಟು ನಿಮಿಷ ನಡೆಯುತ್ತದೆಂಬ ಊಹೆಯನ್ನು ಪಟ್ಟಿಯ ಅಡಿಯಲ್ಲಿ ಮೊದಲೇ ಬರೆಸಿಕೊಂಡಿರಬೇಕು.